‘ಬೇಡ’ ಎನ್ನುವವರ ಬೋಟು ಹತ್ತಿ

ಮುರುಡೇಶ್ವರಕ್ಕೆ ಹೊರಡುವ ಸಂಸಾರಗಳ ಪಟ್ಟಿಯಲ್ಲಿ ದೇವರ ದರ್ಶನ, ರಾಜಗೋಪುರದ ಲಿಫ್ಟು, ಸಂಜೆಯ ಕಡಲಂಚಿನ ಜೊತೆಗೆ ಈಚೆಗೆ ನೇತ್ರಾಣಿಯ ಸ್ಕೂಬಾ ಕೂಡ ಬಂದು ಸೇರಿದೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಈ ದ್ವೀಪ ಬಹುಕಾಲ ಮೀನುಗಾರರಿಗೂ, ಗುರಿ ಅಭ್ಯಾಸಕ್ಕೆ ಅದನ್ನು ಬಳಸುತ್ತಿದ್ದ ನೌಕಾಪಡೆಗೂ ಬಿಟ್ಟರೆ ಬೇರೆ ಯಾರಿಗೂ ಅಷ್ಟಾಗಿ ಬೇಕಿರಲಿಲ್ಲ. 2022ರಲ್ಲಿ ‘ಗಂಧದ ಗುಡಿ’ ತೆರೆಗೆ ಬಂತು. ಅದರಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿದ ಮಕ್ಕಳು ಮನೆಯಲ್ಲಿ ಹಠ ಹಿಡಿಯಲು ಅಷ್ಟು ಸಾಕಾಯಿತು. ಈಗ ದಸರಾ ರಜೆಯಿರಲಿ, ಕ್ರಿಸ್‌ಮಸ್ ರಜೆಯಿರಲಿ, ಬೆಳಗ್ಗೆ ಬೋಟು ಹೊರಡುವ ಜಾಗದಲ್ಲಿ ಅಪ್ಪ, ಅಮ್ಮ, ಮಕ್ಕಳು, ಕೆಲವೊಮ್ಮೆ ಅಜ್ಜಿಯೂ ಸೇರಿದಂತೆ ಇಡೀ ಸಂಸಾರಗಳೇ ನಿಂತಿರುತ್ತವೆ.

ಹಾಗೆ ನಿಂತವರಲ್ಲಿ ಹೆಚ್ಚಿನವರು ಸ್ಕೂಬಾ ಮಾಡಿಸುವವರನ್ನು ತಾವಾಗಿ ಆರಿಸಿದವರಲ್ಲ. ಹೋಟೆಲಿನ ಕೌಂಟರಿನಲ್ಲಿ ಯಾರೋ ಹೇಳಿದರು, ಟ್ಯಾಕ್ಸಿಯವನು ನಂಬರ್ ಕೊಟ್ಟ, ಇಲ್ಲವೇ ರೀಲ್ಸ್‌ನಲ್ಲಿ ಕಂಡಿತು. ಹೇಳಿದವರಿಗೆ ತಲೆಗಿಷ್ಟು ಎಂದು ಕಮಿಷನ್ ಸಲ್ಲುತ್ತದೆ. ಪ್ರವಾಸಿ ಊರುಗಳಲ್ಲಿ ಅದು ಇದ್ದದ್ದೇ. ತೊಂದರೆ ಬೇರೆ ಕಡೆ ಇದೆ: ಹಣ ತೆಗೆದುಕೊಳ್ಳುವವನೇ ಬೇರೆ, ನೀರಿನಡಿಗೆ ಕರೆದೊಯ್ಯುವವನೇ ಬೇರೆ ಆಗಿರಬಹುದು. ರೂಮಿಗೆ ಬಿಸಿನೀರು ಎಷ್ಟು ಹೊತ್ತಿನವರೆಗೆ ಬರುತ್ತದೆ ಎಂದು ಎರಡೆರಡು ಸಲ ವಿಚಾರಿಸುವ ನಾವು, ಮಗಳ ಬಾಯಿಗೆ ಗಾಳಿಯ ಕೊಳವೆ ಕಚ್ಚಿಸಿ ಮೂವತ್ತು ಅಡಿ ಕೆಳಕ್ಕೆ ಕರೆದೊಯ್ಯುವವನ ಹೆಸರನ್ನೂ ಕೇಳುವುದಿಲ್ಲ.

ಗೂಗಲ್‌ನ ನಕ್ಷತ್ರಗಳು ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರವು. ಮೊದಲ ಸಲ ಮೀನು ನೋಡಿ ಮೇಲೆ ಬಂದವರು ಖುಷಿಯಲ್ಲಿರುತ್ತಾರೆ, ಐದಕ್ಕೆ ಐದು ಕೊಡುತ್ತಾರೆ. ಸಿಲಿಂಡರಿಗೆ ತುಂಬಿದ ಗಾಳಿ ಹೇಗಿತ್ತು, ಜೊತೆಗಿದ್ದವನಿಗೆ ಎಷ್ಟು ಅನುಭವವಿತ್ತು ಎಂಬುದು ಅವರಿಗೆ ಗೊತ್ತಾಗುವ ಬಗೆಯೇ ಇಲ್ಲ. ಹಾಗಾಗಿ ನಾನು ನೆಚ್ಚಿಕೊಂಡಿರುವ ಅಳತೆಗೋಲು ಒಂದೇ: ಗಿರಾಕಿಗೆ ‘ಬೇಡ’ ಎನ್ನಬಲ್ಲವರು ಯಾರು? ಅದನ್ನು ತಿಳಿಯಲು ಮುರುಡೇಶ್ವರಕ್ಕೆ ಹೋಗಬೇಕಿಲ್ಲ, ಒಂದು ಫೋನ್ ಸಾಕು.

“ನಮ್ಮ ಜೊತೆ ಮಗ ಬರ್ತಿದ್ದಾನೆ, ಒಂಬತ್ತು ವರ್ಷ. ಅವನಿಗೂ ಮಾಡಿಸಬಹುದಾ?” ಎಂದು ಕೇಳಿ ನೋಡಿ. “ಅಡ್ಡಿಲ್ಲ ಸರ್, ಕರ್ಕೊಂಡ್ ಬನ್ನಿ, ನಮ್ ಹುಡುಗ್ರು ಕೈ ಬಿಡೋದೇ ಇಲ್ಲ” ಎಂಬ ಉತ್ತರ ಬಂದರೆ ಧನ್ಯವಾದ ಹೇಳಿ ಫೋನಿಡಿ. “ಹತ್ತು ತುಂಬದೆ ಕಡಲಲ್ಲಿ ಸ್ಕೂಬಾ ಇಲ್ಲ ಸರ್. ಬೋಟಲ್ಲಿ ಬರ್ಲಿ, ಲೈಫ್ ಜಾಕೆಟ್ ಹಾಕಿ ಮೇಲಿಂದ್ಲೇ ಸ್ನಾರ್ಕೆಲಿಂಗ್ ಮಾಡಿಸ್ತೇವೆ” ಎಂದವರ ಜೊತೆ ಮಾತು ಮುಂದುವರಿಸಬಹುದು.

ಹತ್ತು ವರ್ಷ ಎಂಬುದು ಅವರ ಮನಸ್ಸಿಗೆ ಬಂದ ಲೆಕ್ಕವಲ್ಲ. 1966ರಲ್ಲಿ ಅಮೆರಿಕದಲ್ಲಿ ಶುರುವಾದ ಪ್ಯಾಡಿ ಎಂಬ ತರಬೇತಿ ಸಂಸ್ಥೆಯ ನಿಯಮಗಳನ್ನೇ ನಮ್ಮ ಕಡೆಯ ಬಹುತೇಕ ಸ್ಕೂಬಾ ಕೇಂದ್ರಗಳು ಪಾಲಿಸುವುದಾಗಿ ಹೇಳಿಕೊಳ್ಳುತ್ತವೆ. ಅದರ ಪ್ರಕಾರ ಎಂಟು ವರ್ಷದ ಮಗು ಈಜುಕೊಳದಲ್ಲಿ 2 ಮೀಟರಿನವರೆಗೆ ಇಳಿದು ಆಟವಾಡಬಹುದು, ಹತ್ತು ತುಂಬಿದ ಮೇಲೆ ಕಡಲು. ಕೋರ್ಸ್ ಮಾಡದ ಯಾರಿಗೇ ಆಗಲಿ, ದೊಡ್ಡವರಿಗೂ ಸೇರಿ, 12 ಮೀಟರ್ ಕಟ್ಟಕಡೆಯ ಗೆರೆ. “ನಿಮ್ಮನ್ನ ಹದಿನೆಂಟಕ್ಕೆ ಕರ್ಕೊಂಡ್ ಹೋಗ್ತೀವಿ, ಅಲ್ಲಿ ದೊಡ್ಡ ಮೀನು” ಎಂಬುದು ಆಸೆ ಹುಟ್ಟಿಸುವ ಮಾತು. ಅದನ್ನು ಆಡಿದವರು ಪಾಲಿಸುವುದಾಗಿ ಹೇಳುವ ನಿಯಮವನ್ನು ತಾವೇ ಮುರಿಯುತ್ತಿದ್ದಾರೆ.

ಮಕ್ಕಳ ವಿಷಯದಲ್ಲಿ ಯಾಕಿಷ್ಟು ಬಿಗಿ ಎಂದರೆ, ಅದರ ಮೂಲ ಇರುವುದು ನೀರಿನ ಒತ್ತಡದಲ್ಲಿ. ನೆಲದ ಮೇಲೆ ನಮ್ಮ ಮೈಮೇಲೆ ಒಂದು ವಾತಾವರಣದಷ್ಟು ಒತ್ತಡವಿದೆ. ಕಡಲಲ್ಲಿ ಪ್ರತಿ 10 ಮೀಟರ್ ಇಳಿದಂತೆ ಇನ್ನೊಂದು ವಾತಾವರಣ ಸೇರುತ್ತದೆ. ಬಾಯಲ್ಲಿರುವ ರೆಗ್ಯುಲೇಟರ್ ಆಯಾ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುವುದರಿಂದಲೇ ಅಲ್ಲಿ ಉಸಿರಾಡಲು ಆಗುವುದು. ಈಗ 10 ಮೀಟರ್ ಆಳದಲ್ಲಿ ಎದೆ ತುಂಬ ಉಸಿರೆಳೆದುಕೊಂಡ ಒಬ್ಬಾತ ಗಾಬರಿಯಾಗಿ, ಉಸಿರು ಕಟ್ಟಿಕೊಂಡು, ಸರ್ರನೆ ಮೇಲಕ್ಕೆ ಹೋದ ಎನ್ನಿ. ಮೇಲೆ ಬರುವಷ್ಟರಲ್ಲಿ ಒತ್ತಡ ಅರ್ಧಕ್ಕಿಳಿದು, ಒಳಗಿನ ಗಾಳಿಗೆ ಎರಡು ಪಟ್ಟು ಜಾಗ ಬೇಕಾಗುತ್ತದೆ. ಶ್ವಾಸಕೋಶ ಅಷ್ಟು ಹಿಗ್ಗುವುದಿಲ್ಲ. ಅದು ಹರಿದು ಗಾಳಿಯ ಗುಳ್ಳೆ ರಕ್ತಕ್ಕೆ ನುಗ್ಗಿದರೆ ಮಿದುಳಿನವರೆಗೂ ಹೋಗಬಹುದು. ಇದಕ್ಕೆ ಹತ್ತು ಮೀಟರೇ ಬೇಕೆಂದಿಲ್ಲ. ಒಂದೂವರೆ ಮೀಟರಿನ ಈಜುಕೊಳದಲ್ಲೂ ಹೀಗಾಗುವುದುಂಟು. ಸ್ಕೂಬಾದಲ್ಲಿ ಕಲಿಯಬೇಕಾದ ಮೊದಲ ಪಾಠ, ಏನೇ ಆಗಲಿ ಉಸಿರು ಹಿಡಿಯಬಾರದು, ಆಡುತ್ತಲೇ ಇರಬೇಕು ಎಂಬುದು. ದೊಡ್ಡವರಿಗೇ ಗಾಬರಿಯಲ್ಲಿ ಮರೆತುಹೋಗುವ ಈ ಪಾಠವನ್ನು ಎಂಟೊಂಬತ್ತರ ಮಗು ನೆನಪಿಟ್ಟುಕೊಂಡೀತು ಎಂದು ನಂಬಿ ಕೂರುವಂತಿಲ್ಲ.

ಇನ್ನು ಕಿವಿ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯೊಳಗಿನ ಒತ್ತಡವನ್ನು ಸರಿದೂಗಿಸಿಕೊಳ್ಳುವುದನ್ನು ಮೀಟರಿಗೊಮ್ಮೆ ಮಾಡುತ್ತಿರಬೇಕು. ಮಕ್ಕಳ ಕಿವಿಯಿಂದ ಗಂಟಲಿಗಿರುವ ನಾಳ ಸಣ್ಣದು, ಬೇಗ ಕಟ್ಟಿಕೊಳ್ಳುತ್ತದೆ. ನೆಗಡಿಯಾದ ಮಗು ಆವತ್ತು ನೀರಿಗಿಳಿಯುವಂತಿಲ್ಲ, ಅಷ್ಟೆ. ಮೂಗಿಗೆ ಸ್ಪ್ರೇ ಹಾಕಿ ಇಳಿಸೋಣ ಎನ್ನುವವರೂ ಇದ್ದಾರೆ. ಔಷಧದ ಪ್ರಭಾವ ನೀರಿನಡಿಯಲ್ಲೇ ಇಳಿದುಹೋದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ, ಆ ನೋವು ಇಳಿಯುವಾಗಿನದಕ್ಕಿಂತ ಕೆಟ್ಟದು. ಒಳ್ಳೆಯ ಬೋಧಕ ಕಿವಿ ಬಿಡುವವರೆಗೆ ಹಗ್ಗ ಹಿಡಿದು ಕಾಯುತ್ತಾನೆ, ಬಿಡದಿದ್ದರೆ ಮೇಲಕ್ಕೆ ಕರೆತರುತ್ತಾನೆ. ಕೊಟ್ಟ ದುಡ್ಡು ದಂಡವಾಯಿತು ಎಂದು ಅಪ್ಪ ಮುಖ ಗಂಟಿಕ್ಕಿಕೊಂಡರೂ ಲೆಕ್ಕಿಸುವುದಿಲ್ಲ.

ಎರಡನೆಯ ಪರೀಕ್ಷೆ ಒಂದು ಕಾಗದದ್ದು. ಸ್ಕೂಬಾಗೆ ಮುನ್ನ ಆರೋಗ್ಯದ ಪ್ರಶ್ನಾವಳಿ ತುಂಬಿಸುತ್ತಾರೆ. ಅಸ್ತಮಾ ಇದೆಯೇ, ಮೂರ್ಛೆರೋಗ ಇತ್ತೇ, ಹೃದಯದ ತೊಂದರೆ, ಕಿವಿಯ ಆಪರೇಷನ್, ಸಕ್ಕರೆ ಕಾಯಿಲೆ, ಗರ್ಭಿಣಿಯೇ, ನಲವತ್ತೈದು ದಾಟಿದ್ದರೆ ಸಿಗರೇಟು, ಬಿಪಿ, ಕೊಲೆಸ್ಟರಾಲ್ ಏನಾದರೂ ಉಂಟೇ ಎಂದೆಲ್ಲ ಅದರಲ್ಲಿರುತ್ತದೆ. ಮುಖ್ಯವಾದ ಯಾವುದಕ್ಕಾದರೂ ‘ಹೌದು’ ಎಂದರೆ ವೈದ್ಯರು ನೋಡಿ ಸಹಿ ಹಾಕಬೇಕು. ಗರ್ಭಿಣಿಯಾದರೆ ಸಹಿಯ ಪ್ರಶ್ನೆಯೂ ಇಲ್ಲ, ಇಳಿಯುವಂತೆಯೇ ಇಲ್ಲ. ಇಂಥ ಕಾಗದವನ್ನು ಬೆಳಗ್ಗೆ ಏಳು ಗಂಟೆಗೆ, ಬೋಟಿನ ಎಂಜಿನ್ ಶುರುವಾದ ಮೇಲೆ, ಬೆಂಚಿನ ಮೇಲಿಟ್ಟು ಪೆನ್ನು ಕೊಟ್ಟರೆ ಏನಾಗುತ್ತದೆ? ಅಪ್ಪ ತನ್ನ ಬಿಪಿ ಮಾತ್ರೆಯನ್ನು ಮರೆಯುತ್ತಾನೆ, ಅಮ್ಮ ಮಗಳ ಇನ್‌ಹೇಲರನ್ನು ಬ್ಯಾಗಿನ ತಳಕ್ಕೆ ತಳ್ಳುತ್ತಾಳೆ. ಅಷ್ಟು ದೂರದಿಂದ ಬಂದಾಗಿದೆ, ಹಣ ಕಟ್ಟಿಯಾಗಿದೆ. “ಎಲ್ಲದಕ್ಕೂ ನೋ ಅಂತ ಟಿಕ್ ಮಾಡಿ ಸರ್, ಬರೀ ಫಾರ್ಮಾಲಿಟಿ” ಎಂದು ಪಕ್ಕದಲ್ಲಿ ನಿಂತವನು ಹೇಳಿದರಂತೂ ಮುಗಿಯಿತು.

ಆದ್ದರಿಂದ ಬುಕಿಂಗ್ ಮಾಡುವ ದಿನವೇ ಆ ಫಾರ್ಮನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಎಂದು ಕೇಳಬೇಕು. ಕಳಿಸಿದರೆ ಊರಲ್ಲೇ, ನಿಮ್ಮನ್ನು ಬಲ್ಲ ಡಾಕ್ಟರ ಎದುರು ಸಮಾಧಾನವಾಗಿ ಕೂತು ತುಂಬಬಹುದು. “ಅದೆಲ್ಲ ಇಲ್ಲಿ ಬಂದ ಮೇಲೆ” ಎನ್ನುವವರು ಆ ಕಾಗದವನ್ನು ತಮ್ಮ ರಕ್ಷಣೆಗೆ ಇಟ್ಟುಕೊಂಡಿದ್ದಾರೆ, ನಿಮ್ಮ ರಕ್ಷಣೆಗಲ್ಲ.

ಯಾರು ಕರೆದೊಯ್ಯುತ್ತಾರೆ ಎಂಬುದು ಮೂರನೆಯದು. ಸ್ಕೂಬಾದಲ್ಲಿ ಓಪನ್ ವಾಟರ್, ಅಡ್ವಾನ್ಸ್ಡ್, ರೆಸ್ಕ್ಯೂ, ಡೈವ್ ಮಾಸ್ಟರ್, ಇನ್‌ಸ್ಟ್ರಕ್ಟರ್ ಎಂದು ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲು ಹತ್ತಲು ನಾಲ್ಕೈದು ದಿನ ಸಾಕು. ಕಾರ್ಡು ಸಿಕ್ಕಿದ ಹುಡುಗ ನೋಡಲು ಪಕ್ಕಾ ಡೈವರ್ ಥರವೇ ಇರುತ್ತಾನೆ. ಹೊಸಬರನ್ನು ಇಳಿಸುವವರು ಇನ್‌ಸ್ಟ್ರಕ್ಟರ್ ಆಗಿರಬೇಕು, ಇಲ್ಲವೇ ಇನ್‌ಸ್ಟ್ರಕ್ಟರ್ ಕೈಕೆಳಗೆ ಕೆಲಸ ಮಾಡುವ ಪಳಗಿದ ಕೈ ಆಗಿರಬೇಕು. ಅವರ ನೋಂದಣಿ ಸಂಖ್ಯೆ ಕೇಳಿ ಪ್ಯಾಡಿಯ ಜಾಲತಾಣದಲ್ಲಿ ಹಾಕಿದರೆ ಇವತ್ತಿಗೂ ಅದು ಚಾಲ್ತಿಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸಂಖ್ಯೆ ಕೇಳಿದ್ದಕ್ಕೆ ಬೇಸರಪಡುವವರನ್ನು ನಾನಂತೂ ಬಿಟ್ಟುಬಿಡುತ್ತೇನೆ.

ಒಬ್ಬ ಇನ್‌ಸ್ಟ್ರಕ್ಟರಿಗೆ ನಾಲ್ಕು ಮಂದಿ ಹೊಸಬರು ಎಂಬುದು ಕಡಲಿನಲ್ಲಿ ಪ್ಯಾಡಿ ಒಪ್ಪುವ ಗರಿಷ್ಠ. ಈಜು ಬಾರದ ನಮ್ಮಂಥವರಿಗೆ ಒಬ್ಬರಿಗೊಬ್ಬರು ಇದ್ದರೇ ಚೆಂದ. ನಮ್ಮ ಕರಾವಳಿಯ ಒಳ್ಳೆಯ ಕೇಂದ್ರಗಳಲ್ಲಿ ರೂಢಿಯೂ ಹಾಗೇ ಇದೆ. ಇದರ ಜೊತೆಗೆ ಹೆಚ್ಚಿನವರು ಕೇಳದ ಒಂದು ಪ್ರಶ್ನೆ ಇದೆ: ಆ ಹುಡುಗ ಒಂದು ದಿನಕ್ಕೆ ಎಷ್ಟು ಸಲ ಕೆಳಗಿಳಿಯುತ್ತಾನೆ? ನಾವು ಇಪ್ಪತ್ತು ನಿಮಿಷ ನೋಡಿ ಮೇಲೆ ಬಂದರೆ ಮುಗಿಯಿತು. ಅವನು ಮುಂದಿನ ಗಿರಾಕಿಯ ಜೊತೆ ಮತ್ತೆ ಇಳಿಯಬೇಕು, ಮತ್ತೆ ಹತ್ತಬೇಕು. ಹೀಗೆ ಪದೇ ಪದೇ ಇಳಿದು ಹತ್ತುವುದು ಅವನ ಮೈಗೇ ಒಳ್ಳೆಯದಲ್ಲ, ರಕ್ತದಲ್ಲಿ ಸಾರಜನಕ ಕೂಡುತ್ತ ಹೋಗುತ್ತದೆ, ದಣಿವಂತೂ ಸರಿಯೇ ಸರಿ. ರಜೆಯ ನೂಕುನುಗ್ಗಲಿನಲ್ಲಿ ಕೊನೆಯ ಸರದಿ ನಿಮ್ಮ ಮಗಳದಾಗಿದ್ದರೆ ಅವಳ ಕೈ ಹಿಡಿದಿರುವುದು ದಣಿದ ಕೈ. ಬೋಟಿನಲ್ಲಿ ಗಿರಾಕಿಗಳೆಷ್ಟು, ನೀರಿಗಿಳಿಯುವ ಸಿಬ್ಬಂದಿ ಎಷ್ಟು ಎಂದು ಕೇಳಿದರೆ ಲೆಕ್ಕ ತಾನೇ ಸಿಗುತ್ತದೆ.

ತರಬೇತಿ ಎಲ್ಲಿ, ಎಷ್ಟು ಹೊತ್ತು ಎಂಬುದನ್ನೂ ಬಿಡಬೇಡಿ. ರೆಗ್ಯುಲೇಟರ್ ಬಾಯಿಂದ ತೆಗೆದು ಮತ್ತೆ ಹಾಕಿಕೊಳ್ಳುವುದು, ಮಾಸ್ಕಿಗೆ ನೀರು ನುಗ್ಗಿದರೆ ಮೂಗಿನಿಂದ ಊದಿ ಹೊರಹಾಕುವುದು, ಕಿವಿ, ಕೈಸನ್ನೆ ಇಷ್ಟನ್ನು ಈಜುಕೊಳದಲ್ಲೋ ಸೊಂಟದ ನೀರಿನಲ್ಲೋ ನಿಧಾನವಾಗಿ ಕಲಿಸಬೇಕು. ಅಲುಗಾಡುವ ಬೋಟಿನಲ್ಲಿ ಹತ್ತು ನಿಮಿಷದ ಭಾಷಣ ಅದಕ್ಕೆ ಸಾಲದು. ಮೀಸೆ ಇರುವ ಅಪ್ಪಂದಿರ ಮಾಸ್ಕಿಗೆ ನೀರು ಬಂದೇ ಬರುತ್ತದೆ, ಅವರಿಗೆ ಈ ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕು. ಕೈಸನ್ನೆಯಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಮೀನು ನೋಡಿ ಖುಷಿಯಾಗಿ ‘ಸೂಪರ್’ ಎಂದು ಹೆಬ್ಬೆರಳೆತ್ತಿದರೆ ನೀರಿನಡಿಯಲ್ಲಿ ಅದರರ್ಥ ‘ನನ್ನನ್ನು ಮೇಲಕ್ಕೆ ಕರೆದೊಯ್ಯಿ’ ಎಂದು. ಇನ್‌ಸ್ಟ್ರಕ್ಟರ್ ವಿಧೇಯನಾಗಿ ಕರೆದೊಯ್ಯುತ್ತಾನೆ, ನಿಮ್ಮ ಸ್ಕೂಬಾ ಅಲ್ಲಿಗೆ ಮುಗಿಯುತ್ತದೆ. ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ಸಲಕರಣೆಗಳನ್ನು ಪರೀಕ್ಷಿಸಲು ತಜ್ಞರಾಗಬೇಕಿಲ್ಲ. ಸಿಲಿಂಡರಿನ ಭುಜದ ಮೇಲೆ ಕೊನೆಯ ಒತ್ತಡ ಪರೀಕ್ಷೆ ಯಾವಾಗ ಆಯಿತೆಂದು ಕೊರೆದಿರುತ್ತದೆ. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಆಗಬೇಕು. ತುಂಬಿದ ಸಿಲಿಂಡರಿನ ಮೀಟರ್ 200 ಬಾರ್ ಆಸುಪಾಸು ತೋರಿಸಬೇಕು. ಅದನ್ನೇ ನೋಡುತ್ತ ರೆಗ್ಯುಲೇಟರಿನಿಂದ ನಾಲ್ಕು ಸಲ ಜೋರಾಗಿ ಉಸಿರೆಳೆಯಿರಿ. ಎಳೆದಾಗಲೆಲ್ಲ ಮುಳ್ಳು ಕುಸಿದು ಮತ್ತೆ ಏರಿದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ಮೇಲೆ ಸಲೀಸಾಗಿ ಬರುವ ಗಾಳಿ ಹಾಗಿದ್ದಾಗ ಆಳದಲ್ಲಿ ಬಿಗಿಯುತ್ತದೆ. ಗಾಳಿಗೆ ಯಾವ ವಾಸನೆಯೂ ರುಚಿಯೂ ಇರಬಾರದು. ಎಣ್ಣೆಯದೋ ಹೊಗೆಯದೋ ಘಾಟು ಬಂದರೆ ಕಂಪ್ರೆಸರ್ ತನ್ನ ಹೊಗೆಯನ್ನೇ ಎಳೆದುಕೊಂಡು ತುಂಬಿರಬಹುದು. ಕಾರ್ಬನ್ ಮಾನಾಕ್ಸೈಡಿಗೆ ಸ್ವಂತ ವಾಸನೆಯಿಲ್ಲ, ಅದರ ಜೊತೆಗಾರರ ವಾಸನೆಯೇ ನಮಗೆ ಸಿಗುವ ಸುಳಿವು. ಎದೆಯ ಮುಂದೆ ಹಳದಿ ಬಣ್ಣದ ಇನ್ನೊಂದು ಕೊಳವೆ ಇದೆಯೇ ನೋಡಿ, ಅದು ಬದಲಿ ರೆಗ್ಯುಲೇಟರ್. ಮಕ್ಕಳಿಗಾದರೆ ಅವರ ಅಳತೆಯ ಜಾಕೆಟ್, ಮಾಸ್ಕ್, ಫಿನ್ ಇದೆಯೇ ಎಂದು ಮೊದಲೇ ಕೇಳಬೇಕು. ದೊಡ್ಡವರ ಜಾಕೆಟ್ಟಿಗೆ ಬೆಲ್ಟು ಬಿಗಿದು ಸಣ್ಣವರಿಗೆ ತೊಡಿಸಿದರೆ ಅದು ಕುತ್ತಿಗೆಗೆ ಏರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಕಡಲಿನಲ್ಲಿ ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ನೀರಿನಡಿ ಅಲ್ಲ, ನೀರಿನ ಮೇಲಿನ ಬೋಟು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಮಿತಿ ಮೀರಿ ಜನ ತುಂಬಿದ್ದರು, ಲೈಫ್ ಜಾಕೆಟ್ ಹಾಕಿರಲಿಲ್ಲ. ನೇತ್ರಾಣಿಗೆ ಒಂದೂವರೆ ತಾಸಿನ ತೆರೆದ ಕಡಲಿನ ಪಯಣ. ಬೋಟು ಹತ್ತುವ ಮುನ್ನ ಜನರ ಲೆಕ್ಕ, ಜಾಕೆಟ್ಟುಗಳ ಲೆಕ್ಕ ಎರಡನ್ನೂ ಹಾಕಿ. ಆಮ್ಲಜನಕದ ಸಿಲಿಂಡರ್ ಬೋಟಿನ ಮೇಲೇ ಇರಬೇಕು, ಆಫೀಸಿನಲ್ಲಲ್ಲ. ಡೈವರ್‌ಗೆ ಒತ್ತಡದ ತೊಂದರೆಯಾದಾಗ ಮೊದಲು ಕೊಡುವುದೇ ಶುದ್ಧ ಆಮ್ಲಜನಕ. ಆಮೇಲೆ ಬೇಕಾಗುವ, ಒತ್ತಡವನ್ನು ಮತ್ತೆ ಏರಿಸಿ ಚಿಕಿತ್ಸೆ ಕೊಡುವ ರೀಕಂಪ್ರೆಷನ್ ಚೇಂಬರ್ ಎಲ್ಲಿದೆ, ಅಲ್ಲಿಗೆ ಹೇಗೆ ಒಯ್ಯುತ್ತೀರಿ ಎಂದು ಕೇಳಿ. ಅಂಡಮಾನಿನವರು ಥಟ್ಟನೆ ಪೋರ್ಟ್ ಬ್ಲೇರಿನ (ಈಗಿನ ಶ್ರೀ ವಿಜಯಪುರಂ) ನೌಕಾಪಡೆ ಆಸ್ಪತ್ರೆ ಐಎನ್‌ಎಚ್‌ಎಸ್ ಧನ್ವಂತರಿಯ ಹೆಸರು ಹೇಳುತ್ತಾರೆ. ನಮ್ಮವರೂ ಅಷ್ಟೇ ಥಟ್ಟನೆ ಒಂದು ಹೆಸರು ಹೇಳಬೇಕು.

ಅಂಡಮಾನಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಹ್ಯಾವ್ಲಾಕಿನಲ್ಲಿ, ಅಂದರೆ 2018ರ ನಂತರದ ಸ್ವರಾಜ್ ದ್ವೀಪದಲ್ಲಿ, ನೀಮೋ ರೀಫ್ ಎಂಬಲ್ಲಿ ದಡದಿಂದಲೇ ನಡೆದು ನೀರಿಗಿಳಿಯಬಹುದು. ಮಗು ಅಂಜಿದರೆ ಎದ್ದು ನಿಂತರಾಯಿತು. ನೇತ್ರಾಣಿಯಲ್ಲಿ ಬೋಟಿನಿಂದ ನೇರ ಆಳದ ನೀರಿಗೆ. ಹತ್ತು ಹನ್ನೊಂದರ ಅಂಜುಬುರುಕ ಮಕ್ಕಳಿಗೆ ನೇತ್ರಾಣಿ ಮೊದಲ ಪಾಠವಾಗುವುದು ಕಷ್ಟ. ಧೈರ್ಯದ ಹದಿನಾಲ್ಕರವರಿಗೆ ಅಡ್ಡಿಯಿಲ್ಲ. ಗೋವಾದ ಗ್ರ್ಯಾಂಡ್ ಐಲ್ಯಾಂಡಿನ ಅಗ್ಗದ ಪ್ಯಾಕೇಜುಗಳಲ್ಲಿ ಊಟ, ಮೀನುಗಾರಿಕೆ, ಡಾಲ್ಫಿನ್ ಎಲ್ಲ ಸೇರಿ ಸ್ಕೂಬಾಗೆ ಉಳಿಯುವುದು ಕೆಲವೇ ನಿಮಿಷ. ಅಗ್ಗ ಹೇಗೆ ಸಾಧ್ಯವಾಯಿತು ಎಂದು ಯೋಚಿಸಿದರೆ, ಕಡಿತವಾದದ್ದು ಊಟದಲ್ಲಲ್ಲ, ತರಬೇತಿ ಮತ್ತು ಸಿಬ್ಬಂದಿಯಲ್ಲಿ ಎಂದು ಹೊಳೆಯುತ್ತದೆ. ಮೀನು ಗುಂಪುಗೂಡಲೆಂದು ಬಿಸ್ಕತ್ತು, ಬ್ರೆಡ್ಡು ಎರಚುವುದನ್ನು ಕಂಡರೆ, ಹವಳ ಹಿಡಿದು ಫೋಟೋ ತೆಗೆಸುವುದನ್ನು ಕಂಡರೆ ಅದೂ ಒಂದು ಸೂಚನೆಯೇ.

ಹವಾಮಾನದ ಪ್ರಶ್ನೆಯನ್ನು ಹಣದ ಪ್ರಶ್ನೆಯಾಗಿ ಕೇಳುವುದು ಮೇಲು. “ಕಡಲು ಸರಿಯಿಲ್ಲದಿದ್ರೆ ದುಡ್ಡು ವಾಪಸ್ ಕೊಡ್ತೀರಾ, ಇಲ್ಲ ಮುಂದಿನ ತಾರೀಕು ಕೊಡ್ತೀರಾ?” ಪೂರ್ತಿ ಹಣ ಹಿಂತಿರುಗಿಸುವವರಿಗೆ ಟ್ರಿಪ್ ರದ್ದು ಮಾಡಿದರೆ ನಷ್ಟ; ಆದರೂ ರದ್ದು ಮಾಡಿದ್ದಾರೆ ಎಂದರೆ ಅವರ ಮಾತಿಗೆ ತೂಕವಿದೆ. ಹೋದ ತಿಂಗಳು ಎಷ್ಟು ದಿನ ನಿಲ್ಲಿಸಿದಿರಿ ಎಂದೂ ವಿಚಾರಿಸಿ. ಒಂದು ದಿನವೂ ನಿಲ್ಲಿಸಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡರೆ ಅದು ಹೆಮ್ಮೆಪಡುವ ವಿಷಯವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಸ್ಕೂಬಾ ಇರುವುದಿಲ್ಲ. ಆ ತಿಂಗಳುಗಳಲ್ಲಿ ಬನ್ನಿ ಎನ್ನುವವರ ಬಗ್ಗೆ ಹೇಳಲು ಏನೂ ಉಳಿದಿಲ್ಲ. ಸೀಸನ್ನಿನಲ್ಲೂ ಬೆಳಗಿನ ಬೋಟೇ ಒಳ್ಳೆಯದು, ಮಧ್ಯಾಹ್ನದ ಮೇಲೆ ಗಾಳಿ ಎದ್ದು ಅಲೆ ಏಳುತ್ತದೆ. ಹೊರಡುವ ಒಂದು ತಾಸು ಮೊದಲು ಎರಡು ಇಡ್ಲಿ ತಿಂದು, ವಾಂತಿಯ ಮಾತ್ರೆ ಬೇಕಾದವರು ಡಾಕ್ಟರನ್ನು ಕೇಳಿ ಆಗಲೇ ನುಂಗಿರಬೇಕು. ಬೋಟಿನಲ್ಲಿ ತಲೆಸುತ್ತು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ.

ಕೊನೆಗೆ ಊರಿಗೆ ಮರಳುವ ಲೆಕ್ಕ. ಒಂದು ಸಲ ಸ್ಕೂಬಾ ಮಾಡಿದವರು 12 ತಾಸು, ಹಲವು ಸಲ ಇಳಿದವರು 18 ತಾಸು ವಿಮಾನ ಹತ್ತಬಾರದು ಎಂದು ಡೈವರ್‌ಗಳ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುತ್ತದೆ. ಎತ್ತರಕ್ಕೆ ಹೋದಂತೆ ಒತ್ತಡ ಕಡಿಮೆಯಾಗಿ, ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಯಾಗಬಹುದು. ವಿಮಾನದ ವಿಷಯ ಹಲವರಿಗೆ ಗೊತ್ತು, ಘಟ್ಟದ ವಿಷಯ ಹೊಳೆಯುವುದಿಲ್ಲ. ಈ ಎಚ್ಚರಿಕೆ ಲಾಗುವಾಗುವುದು ಸುಮಾರು 600 ಮೀಟರ್ ಎತ್ತರದಿಂದ. ತಿಪಟೂರು, ತುಮಕೂರು 800 ದಾಟುತ್ತವೆ, ಬೆಂಗಳೂರು 900, ರೈಲಿನಲ್ಲಿ ಹೋದರೆ ಸಕಲೇಶಪುರವೂ ಅಷ್ಟೇ. ಇಪ್ಪತ್ತು ನಿಮಿಷ ಹತ್ತು ಮೀಟರಿನಲ್ಲಿದ್ದವರಿಗೆ ಅಪಾಯ ತೀರಾ ಸಣ್ಣದು. ಆದರೂ ಮಧ್ಯಾಹ್ನ ಮೀನೂಟ ಮುಗಿಸಿ ಕಾರಿನಲ್ಲಿ ನೇರ ಘಟ್ಟ ಹತ್ತುವ ಬದಲು, ಸಂಜೆ ಅಲ್ಲೇ ಕಳೆದು ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದರೆ ಹನ್ನೆರಡು ತಾಸಿನ ಲೆಕ್ಕ ದಾರಿಯಲ್ಲೇ ತುಂಬುತ್ತದೆ. ಮಾರನೆಯ ದಿನ ಯಾರಿಗಾದರೂ ಕೀಲುನೋವು, ಕೈಕಾಲು ಜೋಮು, ವಿಪರೀತ ಸುಸ್ತು ಕಂಡರೆ ಡಾಕ್ಟರ ಹತ್ತಿರ ಹೋದಾಗ ಮೊದಲು ಹೇಳಬೇಕಾದದ್ದು ಸ್ಕೂಬಾ ಮಾಡಿದ್ದನ್ನು. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಕೂತವರು ಅದನ್ನು ತಾವಾಗಿ ಊಹಿಸುವುದಿಲ್ಲ.